ಅಪ್‌ಡೇಟ್: ಮಂಡಿನೋವಿನ ಮೂಲ ಗಂಟಲಲ್ಲಿತ್ತು

ಹತ್ತು ವರ್ಷದ ಮಗಳ ಮಂಡಿ ಊದುತ್ತೆ, ಎರಡು ದಿನಕ್ಕೆ ಅದು ಇಳಿದು ಪಾದದ ಗಂಟು ಊದುತ್ತೆ, ಇದೆಂಥ ನೋವು ಅಂತ ಹೋದ ತಿಂಗಳು ಕೇಳಿದ್ದೆನಲ್ಲ. 'ಎರಡು ಮೂರು ವಾರದ ಹಿಂದೆ ಗಂಟಲುನೋವು ಬಂದಿತ್ತಾ?' ಅಂತ ಒಬ್ಬರು ಕೇಳಿದ್ದರು. ಬಂದಿತ್ತು. ಉಪ್ಪುನೀರು ಮುಕ್ಕಳಿಸಿ ಸುಮ್ಮನಾಗಿದ್ದೆವು. ಆ ಪುಣ್ಯಾತ್ಮರಿಗೆ ದೊಡ್ಡ ನಮಸ್ಕಾರ.

ಮೊದಲು ತೋರಿಸಿದ ಡಾಕ್ಟರು 'ಬೆಳೆಯೋ ಮಕ್ಕಳಿಗೆ ಇದ್ದದ್ದೇ' ಅಂತ ಟಾನಿಕ್ ಬರೆದಿದ್ದರು. ಈಗಿನವರು ಎಎಸ್‌ಒ ರಕ್ತಪರೀಕ್ಷೆ (ಇತ್ತೀಚೆಗೆ ಸ್ಟ್ರೆಪ್ಟೊಕಾಕಸ್ ಸೋಂಕು ಆಗಿತ್ತಾ ಅಂತ ತಿಳಿಯೋದು), ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಎಲ್ಲ ಮಾಡಿಸಿದರು. ರುಮ್ಯಾಟಿಕ್ ಫೀವರ್.

ಗಂಟಲಿಗೆ ಬಂದ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಮೈಮೇಲೆ ಎಂ ಪ್ರೋಟೀನ್ ಅಂತ ಇರುತ್ತೆ. ಅದಕ್ಕೂ ನಮ್ಮ ಹೃದಯದ ಕೆಲವು ಪ್ರೋಟೀನುಗಳಿಗೂ ಹೋಲಿಕೆ. ಬ್ಯಾಕ್ಟೀರಿಯಾ ಹೊಡೆಯಲು ತಯಾರಾದ ಪ್ರತಿಕಾಯಗಳು, ಟಿ ಕೋಶಗಳು (ಎರಡೂ ದೇಹದ ಕಾವಲು ಪಡೆ) ಗುರುತು ತಪ್ಪಿ ಸ್ವಂತ ದೇಹದ ಮೇಲೇ ಬೀಳುತ್ತವೆ. ಕಳ್ಳನದೇ ಬಣ್ಣದ ಅಂಗಿ ತೊಟ್ಟ ತಪ್ಪಿಗೆ ಮನೆಯವನೇ ಏಟು ತಿಂದ ಹಾಗೆ! ಕೀಲು ಸಾಮಾನ್ಯವಾಗಿ ಪೂರ್ತಿ ಸರಿಹೋಗುತ್ತೆ, ಹೃದಯದ ಕವಾಟದ್ದೇ ಭಯ.

ಎಕೋ ಪರದೆಯಲ್ಲಿ ನಾನೇ ನೋಡಿದೆ. ಮೈಟ್ರಲ್ ಕವಾಟ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಬಾಗಿಲು) ಮುಚ್ಚುವಾಗೆಲ್ಲ ರಕ್ತ ನೀಲಿ ಎಳೆಯಾಗಿ ಹಿಂದಕ್ಕೆ ಚಿಮ್ಮುತ್ತಿತ್ತು. ಲೀಕ್ ಸಣ್ಣದು ಅಂದರು. ನನಗೆ ಮಾತ್ರ ಕೈಕಾಲು ತಣ್ಣಗಾಯಿತು.

ಆಸ್ಪಿರಿನ್ ಶುರುಮಾಡಿದ ಎರಡೇ ದಿನಕ್ಕೆ ಊತ ಇಳಿಯಿತು. (ನೀವಾಗಿ ಮಕ್ಕಳಿಗೆ ಕೊಡಬೇಡಿ, ಡಾಕ್ಟರು ಹೇಳಿದರೆ ಮಾತ್ರ.) ಗಂಟಲ ಸೋಂಕು ಮರುಕಳಿಸಿದರೆ ಕವಾಟ ಇನ್ನಷ್ಟು ಹಾಳಾಗಬಹುದು. ಅದಕ್ಕೇ 21 ದಿನಕ್ಕೊಂದು ಬೆಂಜಥೀನ್ ಪೆನ್ಸಿಲಿನ್ ಇಂಜೆಕ್ಷನ್, ಕನಿಷ್ಠ ಅವಳಿಗೆ 21 ವರ್ಷ ತುಂಬುವವರೆಗೆ. ವಿಪರೀತ ನೋವಿನ ಸೂಜಿ. ಎರಡನೆಯದು ಸೋಮವಾರ. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಅವಳೇ ಕೆಂಪು ಪೆನ್ನಲ್ಲಿ ಸುತ್ತುಹಾಕಿ, ಪಕ್ಕದಲ್ಲಿ 'ಐಸ್‌ಕ್ರೀಮ್' ಅಂತ ಬರೆದಿದ್ದಾಳೆ.