ನೊಗ, ಯುಗ, ಯೋಕ್: ಮೂರೂ ಒಂದೇನಾ?

ಹೋದ ವಾರ ಮಗಳು ಇಂಗ್ಲಿಷ್ ಪಾಠ ಓದುತ್ತಾ 'ಯೋಕ್' ಅಂದರೆ ಏನು ಅಂತ ಕೇಳಿದಳು. ಎತ್ತಿನ ಹೆಗಲ ಮೇಲಿನ ನೊಗ ಅಂದೆ. (ಮೊಟ್ಟೆಯ ಒಳಗಿನ ಯೋಕ್ ಬೇರೆ ಪದ, ಅದು ಹಳದಿಗೆ ಸೇರಿದ್ದು.) 'ಯೋಕ್, ಯೋಗ, ನೊಗ, ಎಲ್ಲ ಒಂದೇ ಥರ ಕೇಳುತ್ತಲ್ಲ, ಒಂದೇ ಪದನಾ?' ಅಂದಳು. ಯೋಕ್ ಮತ್ತು ಯೋಗ ಒಂದೇ ಬೇರಿನವು ಅಂತ ತಕ್ಷಣ ಹೇಳಿಬಿಟ್ಟೆ. ನೊಗದ ಹತ್ತಿರ ಬಂದಾಗ ತಡವರಿಸಿದೆ. ಅವತ್ತಿನಿಂದ ಅದೇ ತಲೆಯಲ್ಲಿ ಕೊರೆಯುತ್ತಿದೆ, ಹಾಗಾಗಿ ಇಲ್ಲಿ ಇಡುತ್ತಿದ್ದೇನೆ.

ಮೊದಲು ಗಟ್ಟಿಯಾಗಿ ಗೊತ್ತಿರುವ ಭಾಗ. ಸಂಸ್ಕೃತದ ಯುಗ ಅಂದರೆ ಮೊದಲಿಗೆ ನೊಗವೇ. ಋಗ್ವೇದದಲ್ಲಿ ಅದಕ್ಕೆ ನೊಗ ಅನ್ನುವ ಅರ್ಥವೂ ಇದೆ, ತಲೆಮಾರು ಅನ್ನುವ ಅರ್ಥವೂ ಇದೆ. ನಮಗೆ ಉಳಿದದ್ದು ಎರಡನೆಯ ದಾರಿ, ಕಲಿಯುಗ, ಯುಗಾದಿ ಇತ್ಯಾದಿ. ಈಗ ಇದರ ಪಕ್ಕದಲ್ಲಿ ಲ್ಯಾಟಿನ್ನಿನ ಯುಗುಮ್ ಇಡಿ, ಗ್ರೀಕಿನ ಝುಗೋನ್, ಜರ್ಮನ್ನಿನ ಹಳೆಯ ನೆಂಟ ಗಾಥಿಕ್‌ನ ಯುಕ್, ಜರ್ಮನ್ನಿನ ಯೋಖ್, ಲಿಥುವೇನಿಯನ್ನಿನ ಯುಂಗಸ್, ಪಾರ್ಸಿಯ ಯೂಗ್. ಎಲ್ಲದರ ಅರ್ಥವೂ ನೊಗ. ರಷ್ಯನ್ನಿನ ಇಗೊ ಕೂಡ ಇದೇ, ಆದರೆ ಅಲ್ಲಿ ಎತ್ತಿನ ನೊಗಕ್ಕೆ ಬೇರೆ ಪದ ಬಂದು ಇದು ಮಂಗೋಲರ ಆಳ್ವಿಕೆಯಂಥ ದಬ್ಬಾಳಿಕೆಗೆ ಮಾತ್ರ ಉಳಿದಿದೆ. ಇವೆಲ್ಲದರ ಹಿಂದೆ ಪಂಡಿತರು ಊಹಿಸಿರುವ ರೂಪ *ಯುಗೊಮ್. ಮುಂದಿರುವ ಆ ಚುಕ್ಕಿ (*) ಗುರುತು ಅಲಂಕಾರಕ್ಕಲ್ಲ. ಈ ರೂಪ ಎಲ್ಲೂ ಬರಹದಲ್ಲಿ ಸಿಕ್ಕಿಲ್ಲ, ಮಕ್ಕಳ ಮುಖ ನೋಡಿ ಅಜ್ಜಿಯ ಮುಖ ಬರೆದಿದ್ದೇವೆ ಅಂತ ಅದರ ಅರ್ಥ.

ಬರೀ ಹೋಲಿಕೆ ನೋಡಿ ಹೀಗೆ ಹೇಳುವುದಲ್ಲ. ಸಂಸ್ಕೃತದ ಗ ಇರುವ ಕಡೆ ಗಾಥಿಕ್, ಇಂಗ್ಲಿಷ್‌ಗಳಲ್ಲಿ ಕ ಬಂದಿದೆಯಲ್ಲ, ಅದು ಈ ಒಂದು ಪದದ ಚಾಳಿ ಅಲ್ಲ, ಜರ್ಮಾನಿಕ್ ಅನ್ನುವ ಆ ಗುಂಪಿನ ಭಾಷೆಗಳಲ್ಲಿ ಹಳೆಯ ಗ ಎಲ್ಲ ಕಡೆ ಕ ಆಗಿದೆ. ಗ್ರೀಕಿನಲ್ಲಿ ಮೊದಲ ಯ ಕೆಲವು ಪದಗಳಲ್ಲಿ ಝ ಆಗುತ್ತದೆ, ಕೆಲವು ಕಡೆ ಹ ಆಗುತ್ತದೆ. ಯಾಕೆ ಹೀಗೆ ಎರಡು ಅಂತ ಇನ್ನೂ ಜಗಳವಿದೆ.

ನನಗೆ ತುಂಬಾ ಇಷ್ಟವಾದ ಸಾಕ್ಷಿ ಹಿಟ್ಟೈಟ್ ಭಾಷೆಯದು. ಟರ್ಕಿಯ ಬೋಗಾಜ್‌ಕೋಯ್ ಊರಿನಲ್ಲಿ 1906ರಿಂದ ಅಗೆದು ತೆಗೆದ ಮಣ್ಣಿನ ಹಲಗೆಗಳ ಭಾಷೆ ಅದು. 1915ರಲ್ಲಿ ಚೆಕ್ ವಿದ್ವಾಂಸ ಹ್ರೋಜ್ನಿ ಇದು ಇಂಡೋ-ಯುರೋಪಿಯನ್ ಭಾಷೆ, ಅಂದರೆ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಕುಟುಂಬದ್ದೇ ಅಂತ ತೋರಿಸಿದರು. ಅಲ್ಲೂ ನೊಗಕ್ಕೆ ಯುಗನ್. ಈ ಶಾಖೆ ಎಲ್ಲಕ್ಕಿಂತ ಮೊದಲು ಬೇರೆಯಾದದ್ದು ಅಂತ ಬಹುತೇಕರು ಒಪ್ಪುತ್ತಾರೆ. ಹಾಗಿದ್ದರೆ ಮನೆ ಒಡೆಯುವ ಮುಂಚೆಯೇ ಆ ಜನರ ಹತ್ತಿರ ನೊಗ ಇತ್ತು, ಎಳೆಯುವ ದನವೂ ಇತ್ತು ಅಂತಾಯಿತು. ಒಂದು ಪದದಿಂದ ಒಂದು ಕೊಟ್ಟಿಗೆಯೇ ಕಾಣುತ್ತದೆ, ಅಲ್ವಾ.

ಇದರ ಸಂತಾನ ನಮ್ಮ ದಿನದ ಮಾತಿನಲ್ಲಿ ಎಷ್ಟಿದೆ ನೋಡಿ. ಯೋಗ, ಉದ್ಯೋಗ, ಯುಗಳ ಗೀತೆ ಎಲ್ಲ ಸರಿ. ಹುಬ್ಬಳ್ಳಿ ಜಂಕ್ಷನ್ ಅನ್ನುವಾಗಿನ ಜಂಕ್ಷನ್ ಲ್ಯಾಟಿನ್ ಕಡೆಯಿಂದ ಬಂದ ದಾಯಾದಿ. ಯೋಜನ ಅಂದರೆ ಒಮ್ಮೆ ನೊಗಕ್ಕೆ ಕಟ್ಟಿದ ಮೇಲೆ ಬಿಚ್ಚದೆ ಹೋಗುವಷ್ಟು ದೂರ. ಯೋಗ್ಯ ಅಂದರೆ ಸಂಸ್ಕೃತದಲ್ಲಿ ನೊಗಕ್ಕೆ ಕಟ್ಟಲು ತಕ್ಕದ್ದು, ಎಳೆಯುವ ಪ್ರಾಣಿಗೂ ಆ ಹೆಸರಿತ್ತು. ಇನ್ನು ಮುಂದೆ ಯಾರಿಗಾದರೂ ಅಯೋಗ್ಯ ಅಂತ ಬೈಯುವಾಗ ನೊಗ ಕಂಡರೆ ಮಲಗಿಬಿಡುವ ಎತ್ತನ್ನು ನೆನೆಸಿಕೊಳ್ಳಿ. ರೋಮನ್ನರಲ್ಲಿ ಒಂದು ಜೋಡಿ ಎತ್ತು ದಿನಕ್ಕೆ ಉಳುವಷ್ಟು ನೆಲಕ್ಕೂ ಯುಗುಮ್ ಅನ್ನುತ್ತಿದ್ದರು, ಉತ್ತರ ಕರ್ನಾಟಕದಲ್ಲಿ ಹೊಲವನ್ನು ಕೂರಿಗೆ ಲೆಕ್ಕದಲ್ಲಿ ಹೇಳುವ ಹಾಗೆ.

ಈಗ ನೊಗಕ್ಕೆ ಬರೋಣ. ಅರ್ಥ ಒಂದೇ, ಕೊನೆಯ ಅಕ್ಷರ ಒಂದೇ. ಯುಗದಿಂದ ನೊಗ ಅಂದುಬಿಟ್ಟರೆ ಕೆಲಸ ಮುಗಿಯಿತು ಅನ್ನಿಸುತ್ತದೆ. ಉ ಹೋಗಿ ಒ ಆದದ್ದು ದೊಡ್ಡ ಮಾತಲ್ಲ. ಮುಖ ಮೊಗ ಆಗಿದೆ, ಸುಖ ಸೊಗ ಆಗಿದೆ. ಆದರೆ ತಮಿಳಿನ ಪುಗೈ ನಮ್ಮಲ್ಲಿ ಹೊಗೆ ಆಗಿರುವುದೂ ಹಾಗೆಯೇ, ಅದು ಅಪ್ಪಟ ದ್ರಾವಿಡ ಪದ. ಹಾಗಾಗಿ ಆ ಒ ನೋಡಿ ಪದ ಹಳೆಯದು ಅನ್ನಬಹುದು, ಸ್ವಂತದ್ದೋ ಸಾಲದ್ದೋ ಅನ್ನಲಾಗದು.

ತೊಡಕು ಇರುವುದು ಮೊದಲ ಅಕ್ಷರದಲ್ಲಿ. ಸಂಸ್ಕೃತದ ಮೊದಲ ಯ ಪ್ರಾಕೃತದ ದಾರಿಯಲ್ಲಿ ನಮ್ಮ ಮನೆಗೆ ಬಂದಾಗ ಜ ಆಗುತ್ತದೆ. ಯಾತ್ರೆ ಜಾತ್ರೆ, ಯೋಗಿ ಜೋಗಿ, ಯಮ ಜವ, ಯೌವನ ಜವ್ವನ. ಯುಗಕ್ಕೂ ಜುಗ ಅನ್ನುವ ತದ್ಭವ ಇದ್ದೇ ಇದೆ. ಮರಾಠಿಯಲ್ಲಿ ನೊಗಕ್ಕೆ ಜೂ ಅನ್ನುತ್ತಾರೆ, ಹಿಂದಿಯಲ್ಲಿ ಜುವಾ. ಇಷ್ಟೆಲ್ಲ ಜ ಸಾಲಾಗಿ ನಿಂತಿರುವಾಗ ನೊಗದಲ್ಲಿ ಮಾತ್ರ ನ ಎಲ್ಲಿಂದ ಬಂತು?

ಇದಕ್ಕೆ ಒಂದು ಉತ್ತರ ತಮಿಳಿನಲ್ಲಿ ಸಿಗಬಹುದು. ಅಲ್ಲಿ ಯಮನಿಗೆ ನಮನ್ ಅಂತಲೂ ಹೇಳುತ್ತಾರೆ, ತೇವಾರ ಅನ್ನುವ ತಮಿಳು ಶಿವಸ್ತುತಿಗಳಲ್ಲಿ ಭಕ್ತಕವಿ ಅಪ್ಪರ್ 'ನಮನಿಗೆ ಹೆದರೆವು' ಅಂತ ಹಾಡಿದ್ದಾರೆ. ನಾನು ಅನ್ನುವುದಕ್ಕೂ ಹಳೆಯ ತಮಿಳಿನಲ್ಲಿ ಯಾನ್, ಆಮೇಲೆ ನಾನ್. ಅಂದರೆ ಯ ಮತ್ತು ನ ಅಲ್ಲಿ ಅದಲುಬದಲಾಗುವುದುಂಟು. ಯಮನ್ ನಮನ್ ಆದ ಹಾಗೆ ಯುಗಮ್ ಅವರ ನುಗಮ್ ಆಗಿರಬಹುದು, ಮಲಯಾಳದಲ್ಲೂ ನುಗಂ ಇದೆ. ವಾದ ಚೆನ್ನಾಗಿದೆ, ಆದರೆ ನನಗೆ ಒಪ್ಪಿಗೆಯಾಗುತ್ತಿಲ್ಲ. ಯಮನಿಗೆ ನಾವು ಜವ ಅಂದೆವೇ ಹೊರತು ನವ ಅನ್ನಲಿಲ್ಲ. ತಮಿಳಿನ ನ ನಮಗೂ ಬೇಕೆಂದರೆ ಒಂದೋ ತಮಿಳಿನಿಂದ ನಾವು ಎರವಲು ಪಡೆದಿರಬೇಕು, ಇಲ್ಲಾ ಎರಡೂ ಭಾಷೆ ಕೂಡಿದ್ದಾಗಲೇ ಸಂಸ್ಕೃತದಿಂದ ಬಂದಿರಬೇಕು. ತೆಲುಗಿನಲ್ಲೂ ನೊಗ ಇದೆ, ಆದರೆ ಅಲ್ಲಿ ಅದು ಬಂಡಿಯ ಉದ್ದ ಮರ, ಎತ್ತಿನ ಹೆಗಲ ಮೇಲಿನದಕ್ಕೆ ಕಾಡಿ ಅನ್ನುತ್ತಾರೆ. ಸಾಲ ತಂದ ಪದ ಇಷ್ಟು ದೂರ ಹರಡಿ ಅರ್ಥವನ್ನೂ ಬದಲಿಸಿಕೊಂಡಿತು ಅನ್ನುವುದಕ್ಕಿಂತ, ನೊಗ ದ್ರಾವಿಡದ್ದೇ, ಯುಗದ ಜೊತೆಗಿನ ಹೋಲಿಕೆ ಆಕಸ್ಮಿಕ ಅನ್ನುವುದು ನನಗೆ ಸಲೀಸು ಅನ್ನಿಸುತ್ತದೆ.

ಇದಕ್ಕೆ ಎದುರಾಗಿ ಒಬ್ಬ ಗೆಳೆಯ ಆರ್ಮೇನಿಯನ್ ಭಾಷೆಯನ್ನು ಎಳೆದು ತಂದ. ಅಲ್ಲಿ ನೊಗಕ್ಕೆ ಲುತ್ಸ್. ಯ ಇರಬೇಕಾದ ಕಡೆ ಲ ಇದೆ, ಆದರೂ ಎಲ್ಲರೂ ಅದನ್ನು *ಯುಗೊಮ್ ಸಂತಾನ ಅಂತಲೇ ಒಪ್ಪುತ್ತಾರೆ, ನೊಗಕ್ಕೆ ಯಾಕೆ ಈ ರಿಯಾಯಿತಿ ಇಲ್ಲ ಅಂದ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆರ್ಮೇನಿಯನ್ ಆ ಕುಟುಂಬದ ಭಾಷೆ ಅಂತ ನೂರಾರು ಬೇರೆ ಪದಗಳಿಂದ ಮೊದಲೇ ಸಾಬೀತಾಗಿದೆ. ಜೊತೆಗೆ ಅಲ್ಲಿ 'ಬಿಚ್ಚು' ಅನ್ನುವ ಅರ್ಥದ, ಲು ಅಂತಲೇ ಶುರುವಾಗುವ ಒಂದು ಕ್ರಿಯಾಪದ ಇದೆ. ಕಟ್ಟುವುದು, ಬಿಚ್ಚುವುದು ಒಟ್ಟಿಗೇ ಬರುವ ಮಾತುಗಳಾದ್ದರಿಂದ ಅದರ ಲ ಇದಕ್ಕೆ ಅಂಟಿತು ಅಂತ ವಿವರಣೆ ಕೊಡುತ್ತಾರೆ. ನೊಗದ ನ ಅಂಟಲು ಕನ್ನಡದಲ್ಲಿ ಅಂಥ ಯಾವ ಪದವಿದೆ? ನನಗೆ ಹೊಳೆಯಲಿಲ್ಲ, ಹೊಳೆದವರು ಹೇಳಿ.

ಇದರಲ್ಲಿ ಒಂದು ತಮಾಷೆ ಇದೆ. ಎತ್ತಿನ ಕೊರಳನ್ನು ನೊಗಕ್ಕೆ ಕಟ್ಟುವ ಹಗ್ಗಕ್ಕೆ ನಮ್ಮ ಕಡೆ ಜೊತ್ತಿಗೆ ಅನ್ನುತ್ತಾರೆ. ಸಂಸ್ಕೃತದ ಯೋಕ್ತ್ರ, ಪ್ರಾಕೃತದ ಜೊತ್ತ, ಆಮೇಲೆ ನಮ್ಮ ಜೊತ್ತಿಗೆ, ಜ ಕೂಡ ಹೇಳಿದ ಮಾತು ಕೇಳಿ ಸರಿಯಾದ ಜಾಗದಲ್ಲಿ ಕೂತಿದೆ. ಅಂದರೆ ಮಗಳು ಕೇಳಿದ ಆ ಬೇರು ಎತ್ತಿನ ಕೊರಳಲ್ಲೇ ಇತ್ತು, ನಾನು ಸುಮ್ನೆ ಮರದಲ್ಲಿ ಹುಡುಕುತ್ತಿದ್ದೆ.

ಈ ಹಗ್ಗವನ್ನು ಜತ್ತಿಗೆ, ಜತಗಿ ಅಂತಲೂ ಕೇಳಿದ್ದೇನೆ. ನಿಮ್ಮ ಊರಿನಲ್ಲಿ ಏನನ್ನುತ್ತಾರೆ? ಮೊದಲ ಅಕ್ಷರ ಜ ಅಲ್ಲದೆ ನ ಇರುವ ರೂಪ ಎಲ್ಲಾದರೂ ಕಿವಿಗೆ ಬಿದ್ದಿದ್ದರೆ ಖಂಡಿತ ಬರೆಯಿರಿ, ನೊಗದ ವಿಷಯದಲ್ಲಿ ನನ್ನ ಮಾತು ವಾಪಸ್ ತೆಗೆದುಕೊಳ್ಳಬೇಕಾಗಬಹುದು.