ಮೂಲೆ ಜಾಗದ ಸೈಕಲ್ ಗುಡ್ಡೆಗಳು: ಈ ಸಲ ಬಿಡೋ ಮಾತೇ ಇಲ್ಲ

ಮನೆ 17 (ಬೆಳಗ್ಗೆ 5:48): ರಾತ್ರಿ ಹನ್ನೆರಡರವರೆಗೂ ಟಾರ್ಚು, ಗುದ್ದಲಿ ಸದ್ದು. ಆಮೇಲೆ ಮಳೆ. ಹುಡುಗರು ಸೈಕಲ್ ಹಾರಿಸೋಕೆ ಎಬ್ಬಿಸಿದ ಗುಡ್ಡೆ ಮಣ್ಣೆಲ್ಲ ಚರಂಡಿಗೆ, ಚರಂಡಿ ನೀರೆಲ್ಲ ನಮ್ಮ ಗೇಟೊಳಕ್ಕೆ. ಮೂರು ಗಂಟೆಗೆ ಬಕೆಟ್ ಹಿಡ್ಕೊಂಡು ನಿಂತಿದ್ದೆ. ಯಾರ ಮನೆ ಮಕ್ಕಳು ಅಂತ ಎಲ್ಲರಿಗೂ ಗೊತ್ತು.

ಮನೆ 9: ನಮ್ಮವನು ಒಂಬತ್ತೂವರೆಗೇ ಮಲಗಿದ್ದ.

ಮನೆ 17: ನಿಮ್ಮ ಹೆಸರು ನಾನೆತ್ತಿದ್ನಾ ಮೇಡಂ?

ಮನೆ 31: 🌹 ಶುಭೋದಯ. ತಾಳಿದವನು ಬಾಳಿಯಾನು 🌹

ಮನೆ 4: ಹೋದ ಸಲ ಪಾಲಿಕೆಯವರ ಬೆನ್ನು ಹತ್ತಿ ಜೆಸಿಬಿ ತರಿಸಿದ್ದು ಯಾರು? ನಾನು. ಮತ್ತೆ ತರಿಸ್ತೀನಿ. ಚರ್ಚೆ ಸಾಕು.

ಮನೆ 22: ಸರ್, ಜೆಸಿಬಿ ಹೋದ ಮೂರೇ ವಾರಕ್ಕೆ ಅವೇ ಗುಡ್ಡೆ ಮರಗಳ ಹಿಂದೆ ಎದ್ದವಲ್ಲ? ಮೊದಲು ರಸ್ತೆಗಾದ್ರೂ ಕಾಣ್ತಿತ್ತು. ಈಗ ಯಾವನಾದ್ರೂ ಬಿದ್ದರೆ ಗೊತ್ತೂ ಆಗಲ್ಲ. ಬೇರಿನ ಬುಡಕ್ಕೇ ಗುದ್ದಲಿ ಹಾಕಿದಾರೆ, ಆ ಮರ ಉಳಿದ್ರೆ ಪುಣ್ಯ.

ಮನೆ 4: ಹಾಗಾದ್ರೆ ಮರದ ಹಿಂದಕ್ಕೂ ಜೆಸಿಬಿ.

ಮನೆ 13: ಸರ್ ಒಂದು ಜೆಸಿಬಿ ಸಾಕ್ಕೊಂಡಿದೀರಾ 😂

ಮನೆ 26: ನಾನು ಹುಡುಗರನ್ನ ಮಾತಾಡಿಸ್ದೆ. ಅಪಾಯ ಇರೋದು ಅವರು ‘ಡಬಲ್’ ಅನ್ನೋದ್ರಲ್ಲಿ. ಹಾರೋ ಗುಡ್ಡೆಗೂ ಇಳಿಯೋ ಗುಡ್ಡೆಗೂ ನಡುವೆ ಹಳ್ಳ ಇರತ್ತೆ, ಸ್ವಲ್ಪ ಕಮ್ಮಿ ಹಾರಿದ್ರೆ ಮುಂದಿನ ಚಕ್ರ ಎದುರಿನ ಗುಡ್ಡೆಗೆ ಹೋಗಿ ಬಡಿಯತ್ತೆ. ಆ ಹಳ್ಳ ತುಂಬಿದ್ರೆ ‘ಟೇಬಲ್‌ಟಾಪ್’, ಕಮ್ಮಿ ಹಾರಿದವನೂ ಮೇಲೇ ಇಳೀತಾನೆ. ಮಣ್ಣು ಹೊರಗಿಂದ ತಂದು ಹಾಕಿಸಿದ್ರೆ ಅಗೆಯೋದು ನಿಲ್ಲಿಸ್ತಾರಂತೆ, ನೀರು ಹೋಗೋಕೆ ದಾರೀನೂ ಮಾಡ್ತಾರಂತೆ. ಕೆಲವು ಕಡೆ ಸ್ಥಳೀಯ ಸಂಸ್ಥೆಗಳು ಎತ್ತರಕ್ಕೆ ಮಿತಿ ಹಾಕಿ, ಆಗಾಗ ತಪಾಸಣೆ ಮಾಡಿ ಬಿಟ್ಟುಕೊಟ್ಟಿವೆ. ಭಾನುವಾರ ಹತ್ತಕ್ಕೆ ಅಲ್ಲೇ ಸೇರೋಣ್ವಾ?

ಮನೆ 9: ನಾನು ಬರ್ತೀನಿ.

ಮನೆ 4: ಬಿದ್ದು ಕೈ ಮುರಿದ್ರೆ ನೀವು ಕೊಡ್ತೀರಾ ದುಡ್ಡು?

ಮನೆ 8: ಪಾಲಿಕೆ ಹೆದರೋದೂ ಅದಕ್ಕೇ. ಒಪ್ಪಿಗೆ ಕೊಟ್ರೆ ತಪಾಸಣೆ, ವಿಮೆ ಎಲ್ಲ ಅವರ ಹೆಗಲಿಗೆ. ಗೊತ್ತಿದ್ದೂ ಸುಮ್ಮನಿದ್ರೆ ನಾಳೆ ಪ್ರಶ್ನೆ ಬರತ್ತೆ. ಕೆಡವೋದು ಸುಲಭ, ಕಡತ ಮುಚ್ಚತ್ತೆ.

ಮನೆ 13: ಹೀಗೇ ಗುಡ್ಡೆ ಹಾರೋ ಬಿಎಂಎಕ್ಸ್ ಸೈಕಲ್ ರೇಸು 2008ರ ಬೀಜಿಂಗ್‌ನಿಂದ ಒಲಿಂಪಿಕ್ಸ್‌ನಲ್ಲಿದೆ. ಪದಕ ಬಂದ್ರೆ 17ರ ಗೇಟಿಗೇ ನೇತುಹಾಕೋಣ 🏅

ಮನೆ 17: ನಗಾಡಿ. ನಿಮ್ಮನೆಗೆ ನುಗ್ಗಿದ ದಿನ ನಾನೂ ನಗ್ತೀನಿ.

ಮನೆ 22: ಒಂದು ಮಾತು. ಮೊದಲನೇ ಗುಡ್ಡೆ ಹುಡುಗರು ಮಾಡಿದ್ದೇ ಅಲ್ಲ. ಮನೆ 4ರ ಪಾಯ ತೆಗೆದ ಮಣ್ಣನ್ನ ಅಲ್ಲಿ ಸುರಿಸಿದ್ದು ಯಾರು?

ಮನೆ 4: ಅದು ಗುತ್ತಿಗೆದಾರನ ಕೆಲಸ. ನಾನು ಊರಲ್ಲೇ ಇರಲಿಲ್ಲ.

ಮನೆ 22: ಜೆಸಿಬಿಗೆ ಮಾತ್ರ ಇದ್ರಿ.

ಮನೆ 31: ಈ ಸಂದೇಶವನ್ನು ಹತ್ತು ಗುಂಪುಗಳಿಗೆ ಕಳಿಸಿ, ಸಂಜೆಯೊಳಗೆ ಶುಭವಾರ್ತೆ ಬರುತ್ತೆ 🙏

ಮನೆ 8: ಇಲ್ಲಿ ಬೇಡ ಅಂತ ಎಷ್ಟು ಸಲ ಹೇಳೋದು ಅಂಕಲ್?

ಮನೆ 4: ನನ್ನ ಮಣ್ಣಿನ ವಿಷಯ ಬಿಡಿ. ಆ ಮೂಲೆ ಬೀದಿದೀಪ ಕೆಟ್ಟು ಎಷ್ಟು ದಿನ ಆಯ್ತು, ಅದನ್ನ ಯಾರಾದ್ರೂ ಕೇಳಿದ್ರಾ? ಕತ್ತಲಿದೆ ಅಂತಲೇ ಅಲ್ಲಿ ಸೇರೋದು.

ಮನೆ 9: ಹೌದು, ಟ್ಯೂಷನ್‌ನಿಂದ ಬರೋ ಹೆಣ್ಮಕ್ಕಳಿಗೆ ಎಷ್ಟು ಭಯ.

ಮನೆ 8: ದೀಪಕ್ಕೆ ಅರ್ಜಿ ನಾನು ಬರೀತೀನಿ. ಸಹಿ ಹಾಕೋರು 👍 ಒತ್ತಿ.

(👍 23)

ಮನೆ 17: ಭಾನುವಾರದ ಕಥೆ ಏನಾಯ್ತು? ಗೇಟಲ್ಲಿ ಮಣ್ಣು ಹಾಗೇ ಇದೆ.

ಮನೆ 4: ದೀಪ ಬರಲಿ, ಆಮೇಲೆ ನೋಡೋಣ.

ಮನೆ 26: ಹುಡುಗರಿಗೆ ದೀಪದ ವಿಷಯ ಹೇಳ್ದೆ. ತುಂಬಾ ಖುಷಿ ಅವರಿಗೆ. ಟಾರ್ಚ್ ಹಿಡಿಯೋಕೆ ಒಬ್ಬನ್ನ ನಿಲ್ಲಿಸೋದು ತಪ್ಪತ್ತಂತೆ.