‘ಲಾರ್ಡ್ ಚಾನ್ಸಲರ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಬ್ರಿಟನ್ನಿನ ಕೆನೆತ್ ಕ್ಲಾರ್ಕ್ ಬಗ್ಗೆ ಪುಟ್ಟ ಪರಿಚಯ ಬರೆಯುತ್ತಿದ್ದೇನೆ. ವಕೀಲಿಕೆಯಿಂದ ಕನ್ಸರ್ವೇಟಿವ್ ಪಕ್ಷದ ರಾಜಕಾರಣಕ್ಕೆ ಬಂದವರು. 1970ರಿಂದ 2019ರವರೆಗೆ ರಶ್‌ಕ್ಲಿಫ್ ಕ್ಷೇತ್ರದ ಸಂಸದರು. ಸುಲಭದ ಕೆಲಸ ಅಂದುಕೊಂಡಿದ್ದೆ. ಎರಡನೇ ಪ್ಯಾರಾದಲ್ಲೇ ಒಂದು ಪದ ಕಾಲಿಗೆ ತೊಡರಿಕೊಂಡಿತು: ಚಾನ್ಸಲರ್.

1993ರಿಂದ 1997ರವರೆಗೆ ಇವರು ‘ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್’. ಅಂದರೆ ಹಣಕಾಸು ಸಚಿವ, ತಕರಾರಿಲ್ಲ. 2010ರಿಂದ 2012ರವರೆಗೆ ‘ಲಾರ್ಡ್ ಚಾನ್ಸಲರ್’. ಕಷ್ಟ ಇರುವುದು ಇಲ್ಲಿ. ‘ಕುಲಾಧಿಪತಿ’ ಅಂದರೆ ಘಟಿಕೋತ್ಸವದಲ್ಲಿ ಗೌನು ತೊಟ್ಟು ಕೂತ ರಾಜ್ಯಪಾಲರೇ ಕಣ್ಣಿಗೆ ಬರುತ್ತಾರೆ. ‘ಕಾನೂನು ಸಚಿವ’ ಕ್ಲಾರ್ಕ್ ಮಟ್ಟಿಗೆ ನಡೆಯುತ್ತದೆ, ಆಗ ನ್ಯಾಯ ಇಲಾಖೆಯೂ ಅವರದೇ. ಆದರೆ ಅವರಿಗಿಂತ ಹಿಂದಿನವರಿಗೆ ಏನು ಹೇಳುವುದು? 2005ರ ಸಂವಿಧಾನ ಸುಧಾರಣಾ ಕಾಯ್ದೆ ಬರುವವರೆಗೆ ಲಾರ್ಡ್ ಚಾನ್ಸಲರ್ ಒಬ್ಬರೇ ಸಂಪುಟದ ಸಚಿವ, ನ್ಯಾಯಾಂಗದ ಮುಖ್ಯಸ್ಥ, ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯ ಸಭಾಪತಿ. ಮೂರು ಕುರ್ಚಿ, ಕೂರುವವರು ಒಬ್ಬರೇ.

ಬೇರು ಹುಡುಕಿದಾಗ ಖುಷಿಯಾಯಿತು. ಲ್ಯಾಟಿನ್ನಿನಲ್ಲಿ ‘ಕ್ಯಾನ್ಸೆಲ್ಲಿ’ ಅಂದರೆ ಕಂಬಿಗಳ ತಡಿಕೆ. ನ್ಯಾಯಸ್ಥಾನದ ತಡಿಕೆಯ ಹತ್ತಿರ ನಿಲ್ಲುತ್ತಿದ್ದ ನೌಕರ ‘ಕ್ಯಾನ್ಸೆಲೇರಿಯಸ್’. ಬಾಗಿಲು ಕಾಯುತ್ತಿದ್ದವನು ಬರೆಯುವವನಾದ, ಆಮೇಲೆ ರಾಜಮುದ್ರೆ ಇಟ್ಟುಕೊಳ್ಳುವವನಾದ, ಕೊನೆಗೆ ಮಂತ್ರಿಯೇ ಆದ. ನಾವು ದಿನಾ ಹೇಳುವ ‘ಕ್ಯಾನ್ಸಲ್’ ಕೂಡ ಇದೇ ಬೇರಿನದು. ಬರೆದದ್ದರ ಮೇಲೆ ತಡಿಕೆ ಹಾಗೆ ಅಡ್ಡಡ್ಡ ಗೀಟು ಎಳೆಯುವುದು.

ತಮಾಷೆ ಏನೆಂದರೆ, ಕ್ಲಾರ್ಕ್ ವಕೀಲಿಕೆ ಶುರುವಾದದ್ದೂ ಕಂಬಿಯ ಹತ್ತಿರವೇ. 1963ರಲ್ಲಿ ಲಂಡನ್ನಿನ ವಕೀಲರ ಸಂಸ್ಥೆ ಗ್ರೇಸ್ ಇನ್‌ನಿಂದ ಬ್ಯಾರಿಸ್ಟರ್ ಆದರು. ಇಂಗ್ಲಿಷಿನವರು ಇದನ್ನು ‘ಬಾರಿಗೆ ಕರೆಸಿಕೊಳ್ಳುವುದು’ ಅನ್ನುತ್ತಾರೆ. ಬಾರ್ ಅಂದರೆ ಕೋರ್ಟಿನ ಕಂಬಿ. ಹಾಗೇ ಬರೆದರೆ ನಮ್ಮ ಕಡೆ ಬೇರೆಯದೇ ಅರ್ಥವಾಗುತ್ತದೆ. (ಬಜೆಟ್ ಭಾಷಣದ ನಡುವೆ ವಿಸ್ಕಿ ಗುಟುಕರಿಸುತ್ತಿದ್ದ ಮಹಾಶಯರು ಇವರು, ಆ ಅರ್ಥವೂ ಪೂರಾ ತಪ್ಪಲ್ಲ ಅನ್ನಿ.) ನಮ್ಮ ‘ಕಟಕಟೆ’ ಒಳ್ಳೆಯ ಜೋಡಿ ಆಗುತ್ತಿತ್ತು. ಆದರೆ ಅದನ್ನು ಆರೋಪಿಗೂ ಸಾಕ್ಷಿಗೂ ಬಿಟ್ಟುಕೊಟ್ಟಿದ್ದೇವೆ. ‘ಕ್ಲಾರ್ಕ್ ಕಟಕಟೆ ಹತ್ತಿದರು’ ಅಂದರೆ ಏನೋ ಕೇಸು ಬಿದ್ದಿದೆ ಅನ್ನಿಸುತ್ತದೆ, ಅಲ್ವಾ? ಸದ್ಯಕ್ಕೆ ‘ವಕೀಲಿ ಸನ್ನದು ಪಡೆದರು’ ಎಂದು ಬರೆದಿದ್ದೇನೆ. 1980ರಲ್ಲಿ ಹಿರಿಯ ವಕೀಲರಾದದ್ದನ್ನು ಇಂಗ್ಲಿಷಿನವರ ಹಾಗೆ ‘ರೇಷ್ಮೆ ತೊಟ್ಟರು’ ಅನ್ನುವುದಂತೂ ಬೇಡ, ಮದುವೆಮನೆ ನೆನಪಾಗುತ್ತದೆ.

ಇನ್ನೊಂದು ಎಡವಟ್ಟಿನ ಪದ ‘ವಿಪ್’. 2019ರ ಸೆಪ್ಟೆಂಬರಿನಲ್ಲಿ ಬ್ರೆಕ್ಸಿಟ್ ವಿಚಾರದಲ್ಲಿ ಸರ್ಕಾರದ ವಿರುದ್ಧ ಮತ ಹಾಕಿದ 21 ಕನ್ಸರ್ವೇಟಿವ್ ಸಂಸದರ ‘ವಿಪ್ ಹಿಂತೆಗೆದರು’. ಅವರಲ್ಲಿ ಕ್ಲಾರ್ಕ್ ಒಬ್ಬರು. ನಮ್ಮಲ್ಲಿ ವಿಪ್ ಅಂದರೆ ಹೀಗೇ ಮತ ಹಾಕಿ ಅನ್ನುವ ಆದೇಶ. ಅದನ್ನು ಹಿಂತೆಗೆದರೆ ಸದಸ್ಯರು ನಿರಾಳ. ಅಲ್ಲಿ ಸಂಸದೀಯ ಪಕ್ಷದಿಂದಲೇ ಹೊರಗೆ. ಆದ್ದರಿಂದ ನೇರವಾಗಿ ‘ಹೊರಹಾಕಿದರು’ ಎಂದೇ ಬರೆದೆ.

ಮತ್ತೆ ಚಾನ್ಸಲರ್‌ಗೆ ಬರುತ್ತೇನೆ. ಹೊಯ್ಸಳರ ಕಾಲದ ಶಾಸನಗಳಲ್ಲಿ ‘ಶ್ರೀಕರಣದ ಹೆಗ್ಗಡೆ’ ಎಂಬ ಪದವಿ ಇದೆಯಲ್ಲ? ಕರಣಿಕ ಅಂದರೆ ಬರೆಯುವವನು, ಲೆಕ್ಕ ಇಡುವವನು. ಬರವಣಿಗೆಯಿಂದ ಅಧಿಕಾರಕ್ಕೆ ಏರಿದ ಪದ ಅನ್ನುವಷ್ಟಕ್ಕೆ ಎರಡೂ ನೆಂಟರು ಅಂತ ನನಗೆ ಅನ್ನಿಸುತ್ತದೆ. ಇಂಗ್ಲೆಂಡಿನ ಮಂತ್ರಿಗೆ ಅದನ್ನು ತೊಡಿಸಿದರೆ ವೇಷದ ಹಾಗೆ ಕಾಣುತ್ತದೆಯೇ? ಅಥವಾ ಸುಮ್ನೆ ‘ಲಾರ್ಡ್ ಚಾನ್ಸಲರ್’ ಎಂದೇ ಇಟ್ಟು ಮೊದಲ ಸಲ ಮಾತ್ರ ಒಂದು ಸಾಲಿನ ವಿವರಣೆ ಕೊಡಲೇ? ಶಾಸನ ಓದಿದವರು ಹೇಳಿ.